ಸಣ್ಣಮಾವನ ಹಲಗೆ

ಹುರಿದ ಶೇಂಗಾ ಮೊರಕ್ಕೆ ಹಾಕಿ ಸಿಪ್ಪೆ ಕೇರುತ್ತಿದ್ದೆ. ಕಂಪ್ಲಿಯಿಂದ ಸಣ್ಣಮಾವನ ಮಗಳು ಗಂಗವ್ವನ ಫೋನು ಬಂತು. “ಅಪ್ಪ ಹೋದ ಅತ್ತಿಗಿ. ಚಾ ಕೊಡಾಕ ಎಬ್ಬಿಸಿದ್ರ ಏಳಲೇ ಇಲ್ಲ.”

ಅವಳು ಅಳುತ್ತಿದ್ದರೆ ನನ್ನ ಬಾಯಿಂದ ಬಂದದ್ದು, “ಹಾಸಿಗ್ಯಾಗ ಹೋದ್ರಾ? ನೀರಾಗ ಅಲ್ಲಲ್ಲ?” ಎಂದು. ಕೇಳಿದ ಮೇಲೆ ನಾಚಿಕೆಯಾಯಿತು. ಆದರೆ ಇಪ್ಪತ್ತು ವರ್ಷ ಆ ಮನುಷ್ಯನಿಗಾಗಿ ಹುಲಿಗೆಮ್ಮನಿಗೆ ಹರಕೆ ಹೊತ್ತವಳು ನಾನು. ಒಣ ಹಾಸಿಗೆಯಲ್ಲಿ, ನಿದ್ದೆಯಲ್ಲಿ ಕರೆದುಕೊಂಡಳಲ್ಲ, ತಾಯಿ ಅಷ್ಟಾದರೂ ಕಣ್ಣು ಬಿಟ್ಟಳು.

ಸಣ್ಣಮಾವ ಎಂದರೆ ನನ್ನ ಗಂಡನ ಚಿಕ್ಕಪ್ಪ ಹನುಮಂತಪ್ಪ. ಕಾಲುವೆಯ ತೂಬು ಏರಿಸಿ ಇಳಿಸುವ ಲಸ್ಕರ್ ಆಗಿದ್ದವರು. ಹೆಂಡತಿ ತೀರಿದ ಮೇಲೆ ಹೊಸಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದ್ದರು. ಕಾಲುವೆಗೆ ನೀರು ಬಿಟ್ಟರೆಂದರೆ ಅವರನ್ನು ಹಿಡಿಯುವವರಿಲ್ಲ. ಸೇತುವೆಯ ಕಂಬಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಗೆ ಹಲಗೆ ಕಟ್ಟಿ ನೀರಿಗೆ ಇಳಿಸುವುದು. ಸೆಳವು ಹಲಗೆಯನ್ನು ಎತ್ತಿ ಹಿಡಿದ ಕೂಡಲೇ ಧೋತರದ ಕಚ್ಚೆ ಹಾಕಿ ಅದರ ಮೇಲೆ ನಿಲ್ಲುವುದು. ಕೆಳಗೆ ನೀರು ಓಡುತ್ತಲೇ ಇರುತ್ತಿತ್ತು, ಇವರು ಮಾತ್ರ ನಿಂತಲ್ಲೇ ನಿಂತಿರುತ್ತಿದ್ದರು. ದಂಡೆಯ ಮೇಲೆ ಬಟ್ಟೆ ಒಗೆಯುವ ಹೆಂಗಸರು, “ಶಾಂತವ್ವಾ, ನಿಮ್ಮ ಮಾವ ಗೊಂಬಿ ಆಗ್ಯಾನ ನೋಡು!” ಎಂದು ಕೂಗಿ ನಗುತ್ತಿದ್ದರು.

“ಅಷ್ಟು ಹೊತ್ತು ನಿಂತು ಎಲ್ಲಿಗೆ ಮುಟ್ಟಿದ್ರಿ?” ಎಂದು ಒಮ್ಮೆ ಕೇಳಿದೆ.

“ಎಲ್ಲಿಗೂ ಹೋಗಲಾರದಂಗ ನಿಲ್ಲೂದ ಆಟ, ಶಾಂತವ್ವ. ಹೋಗಾಕ ಬಸ್ಸು ಅದಾವಲ್ಲ.”

ಆಟವಾಡಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಅದರ ಚರಿತ್ರೆಯನ್ನೂ ನಾವು ಕೇಳಬೇಕಿತ್ತು. ಗ್ಯಾಸಿನವನು ಸಿಲಿಂಡರ್ ಹೆಗಲಿನಿಂದ ಇಳಿಸುವ ಮೊದಲೇ ಶುರುವಾಗುತ್ತಿತ್ತು. “ಮೊದಲು ಇದು ಆಟ ಅಲ್ಲೋ ತಮ್ಮಾ, ಕೆಲಸ. ತೂಬಿಗೆ ಆಗ ಕಬ್ಬಿಣದ ಬಾಗಿಲ ಇರಲಿಲ್ಲ, ಹಲಗಿ ಇಳಿಸಿ ನೀರು ತಡಿತಿದ್ವಿ. ಹಗ್ಗ ಹಾಕಿ ಹಲಗಿ ಎಳಿಬೇಕಾದ್ರ ಸೆಳವಿಗೆ ಅದು ತಾನ ಮ್ಯಾಲೆ ಎದ್ದು ನಿಲ್ತಿತ್ತು. ನಮ್ಮ ಹಿರೇ ಲಸ್ಕರ್ ಒಬ್ಬ ಅದರ ಮ್ಯಾಲೆ ಕಾಲಿಟ್ಟ. ಅಲ್ಲಿಂದ ಹುಟ್ಟಿತು ನೋಡು.” ಆಮೇಲೆ ತೂಬಿಗೆಲ್ಲ ಕಬ್ಬಿಣ ಬಂತು, ಹಲಗೆ ಮಾಯವಾಯಿತು. ಆಟಕ್ಕೆಂದು ತಂದ ಮಾವಿನ ಮರದ ಹಲಗೆ ನೀರು ಕುಡಿದು ಊದಿತು. ಪ್ಲೈವುಡ್ ಎಂಟೇ ದಿನಕ್ಕೆ ಹಪ್ಪಳದ ಹಾಗೆ ಪದರು ಬಿಟ್ಟಿತು. ನಾರಿನ ಹಗ್ಗ ಹೋಗಿ ನೈಲಾನ್ ಬಂತು. ಕಾಲು ಜಾರದಿರಲು ಮೊದಲು ಮರಳು, ಆಮೇಲೆ ಸೈಕಲ್ ಟ್ಯೂಬಿನ ಪಟ್ಟಿ. ಹಂಪಿಯ ಆಚೆ ದಡದಲ್ಲಿ ಪರದೇಶದವನೊಬ್ಬ ಸಮುದ್ರದ ಅಲೆಯ ಮೇಲೆ ನಿಲ್ಲುವ ಹಲಗೆ ಬಿಟ್ಟುಹೋಗಿದ್ದನಂತೆ. ಅದನ್ನು ಎತ್ತಿ ನೋಡಿ, “ಇದು ಬೆಂಡು. ಇದಕ್ಕ ತೂಕ ಇಲ್ಲ, ಮರ್ಯಾದಿ ಇಲ್ಲ” ಎಂದು ಮುಖ ಸಿಂಡರಿಸಿ ವಾಪಸು ಬಂದರು. ಅದೊಂದನ್ನು ಬಿಟ್ಟು ಉಳಿದ ಎಲ್ಲದರ ಒಂದೊಂದು ತುಣುಕು ಹಿಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ್ದರು. ಧೂಳು ಹೊಡೆಯುವವಳು ಯಾರು? ನಾನೇ.

ಮಗಳು ಸುಮಾಳ ಮದುವೆಗೆ ಒಂದು ತಿಂಗಳಿದ್ದಾಗ ಅಟ್ಟ ಹತ್ತಿದೆ. ಹಸೆಮಣೆ ಇಲ್ಲ. ನಮ್ಮ ಮನೆಯ ಹಸೆಮಣೆ ಗಂಡು ಹೆಣ್ಣು ಇಬ್ಬರೂ ಕೂಡುವಷ್ಟು ಉದ್ದದ ಒಂದೇ ಸಾಗುವಾನಿ ಹಲಗೆ. ಮೂರು ತಲೆಮಾರಿನ ಮದುವೆಗಳು ಅದರ ಮೇಲೇ ಆಗಿವೆ. ನಾನೂ ಅದರ ಮೇಲೆ ಕೂತೇ ಈ ಮನೆಯವಳಾದದ್ದು. ಹುಡುಕಿ ಹುಡುಕಿ ಹಿಂದಿನ ಕೋಣೆಗೆ ಹೋದರೆ, ಗೋಡೆಗೆ ಒರಗಿ ನಿಂತಿದೆ! ಧೂಳು ಹೊಡೆಯುವಾಗೆಲ್ಲ ಅವರ ಹಲಗೆಗಳಲ್ಲೇ ಒಂದೆಂದುಕೊಂಡು ಬಿಟ್ಟಿದ್ದೆ. ಮುಂದಿನ ಮೂಲೆಗಳನ್ನು ಗುಂಡಗೆ ಕೆತ್ತಿ, ಎರಡು ತೂತು ಕೊರೆದು ಹಗ್ಗ ಪೋಣಿಸಿದ್ದಾರೆ.

“ಏನ್ ಮಾಡೀರಿ ಇದು?” ಎಂದೆ.

“ಎರಡು ವರ್ಷ ಆತು ಶಾಂತವ್ವ. ನಿನಗ ಈಗ ಗೊತ್ತಾತಾ? ಹಿಂತಾ ಹಲಗಿ ಇನ್ನ ಹುಟ್ಟಂಗಿಲ್ಲ. ನೀರಾಗ ಬಿಟ್ರ ಮಸ್ತ್ ನಿಲ್ತೈತಿ.”

ಅತ್ತೆ ಅಂದು ಊಟ ಮಾಡಲಿಲ್ಲ. “ಲೇ ಹನುಮಂತಾ, ನಿನ್ನ ಮದುವಿನೂ ಅದರ ಮ್ಯಾಲ ಆಗೇತಲ್ಲೋ! ಬ್ಯಾರೆ ಮಣಿ ಮ್ಯಾಲ ನನ್ನ ಮೊಮ್ಮಗಳು ಕುಂದ್ರಂಗಿಲ್ಲ” ಎಂದು ಹಟ ಹಿಡಿದರು. ಮದುವೆ ಮಾಡಿಸುವ ಅಯ್ನೋರನ್ನು ಕರೆಸಿದೆವು. ತೂತು ಬಿದ್ದದ್ದು ಭಿನ್ನವಾಯಿತು, ಶುಭಕ್ಕೆ ಬರುವುದಿಲ್ಲ ಎಂದರು. ಸಣ್ಣಮಾವ ಬಿಡುತ್ತಾರೆಯೇ? “ತುಂಗಭದ್ರಿ ನೀರಾಗ ಮಿಂದ ಹಲಗಿ ಅದು. ಅದಕ್ಕಿಂತ ಮಡಿ ಯಾವುದೈತ್ರಿ?” ಅಯ್ನೋರು ಗಡ್ಡ ನೀವಿಕೊಂಡು, “ಅದ ಮರದ ಬೆಣಿಯಿಂದ ತೂತು ಮುಚ್ಚಬೇಕು. ತೂತು ಕೊರದವ್ರ ಕೈಲೇ ಮುಚ್ಚಬೇಕು. ಮತ್ತ ತೆಗಿಬಾರದು” ಎಂದರು.

ತೆಗೆಯಬಾರದು ಎಂದದ್ದೇ ಸಣ್ಣಮಾವ ಎದ್ದು ಹಿಂದಿನ ಕೋಣೆಗೆ ಹೋದರು. ಎರಡು ದಿನ ಊಟಕ್ಕೆ ಮಾತ್ರ ಹೊರಗೆ ಬಂದರು. ನಾನೂ ಕರಗಲಿಲ್ಲ. ಅನ್ನ ಬಡಿಸುವಾಗ ತಾಟು ಕುಕ್ಕಿಯೇ ಇಟ್ಟೆ. ಮೂರನೆಯ ದಿನ ಟ್ರಂಕಿನಿಂದ ಒಂದು ಗಂಟು ತೆಗೆದರು. ಮಣೆಯಿಂದ ಕೆತ್ತಿದ ಮೂಲೆಗಳನ್ನು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. “ಹಸೆಮಣಿ ತುಂಡು ಒಲಿಗೆ ಹಾಕ್ತಾರೇನು?” ಎನ್ನುತ್ತ ಅಂಗಳದಲ್ಲಿ ಕೂತು ಅದರಲ್ಲೇ ಎರಡು ಬೆಣೆ ಮಾಡಿ, ಅರಗು ಕಾಯಿಸಿ ಬಿಟ್ಟು ಬಡಿದರು. ಆಮೇಲೆ ಹಗ್ಗ ಸುತ್ತಿ ನನ್ನ ಕೈಗೆ ಕೊಟ್ಟು, “ಬಟ್ಟಿ ಹಾಕಾಕ ಬರ್ತೈತಿ” ಎಂದರು.

ಎಲ್ಲರ ತಲೆಯಲ್ಲೂ ತೂತೇ ತುಂಬಿತ್ತು. ಅಡಿಭಾಗವನ್ನು ಯಾರೂ ತಿರುಗಿಸಿ ನೋಡಲಿಲ್ಲ. ನೀರು ಸರಿಯಾಗಿ ಎತ್ತಲೆಂದು ಇವರು ಅದನ್ನು ದೋಣಿಯ ಹಾಗೆ ಉಬ್ಬಾಗಿ ಕೆತ್ತಿದ್ದರು. ಸುರಗಿಯ ದಿನ ನಾಲ್ಕು ಮೂಲೆಗೆ ಚೆಂಬು ಇಟ್ಟು, ನೂಲು ಸುತ್ತಿ, ಮದುಮಕ್ಕಳನ್ನು ಮಣೆಯ ಮೇಲೆ ಕೂರಿಸಿ ನೀರೆರೆಯಲು ಹೋದರೆ ಮಣೆ ತೊಟ್ಟಿಲಿನ ಹಾಗೆ ತೂಗಲು ಹತ್ತಿತು! ಅಳಿಯ “ಅಯ್ಯಯ್ಯೋ” ಎಂದು ಸುಮಾಳ ತೋಳು ಹಿಡಿದ. ಬೀಗರ ಕಡೆಯವರು ಮುಖ ಮುಖ ನೋಡಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಸಣ್ಣಮಾವ ನೂಲಿನ ಕೆಳಗೆ ನುಸುಳಿ, ಮಂಡಿಯೂರಿ, ಎರಡೂ ಕೈಯಿಂದ ಮಣೆ ಹಿಡಿದು ಕೂತರು. ಐದು ಮಂದಿ ಮುತ್ತೈದೆಯರು ಎರೆದ ನೀರೆಲ್ಲ ಅವರ ತಲೆಯ ಮೇಲೂ ಬಿತ್ತು. “ಮದುವಿ ಯಾರದೋ ಹನುಮಂತಾ?” ಎಂದು ಅತ್ತೆ ನಕ್ಕೇಬಿಟ್ಟರು. ಅವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಸುಮಾಳಿಗೆ ಮೆಲ್ಲಗೆ ಹೇಳುತ್ತಿದ್ದರು: “ಮಣಕಾಲು ಸಡ್ಲ ಬಿಡು ಮಗಳ. ನೀರು ನೋಡಬ್ಯಾಡ, ಮುಂದ ನೋಡು. ಹಲಗಿ ತಾನ ನಿಲ್ತೈತಿ.”

ಮುಂದೆ ಮಂಡಿ ನೋವು ಹೆಚ್ಚಾಗಿ ಗಂಗವ್ವ ಕಂಪ್ಲಿಗೆ ಕರೆದುಕೊಂಡು ಹೋದಳು. ಮತ್ತೆ ಯಾವ ಹಲಗೆಯನ್ನೂ ಅವರು ನೀರಿಗೆ ಇಳಿಸಲಿಲ್ಲ. ಹೋದ ಶ್ರಾವಣದಲ್ಲಿ ಬಂದಿದ್ದರು. ಕಾಲುವೆ ತುಂಬಿ ಹರಿಯುತ್ತಿತ್ತು. ಹಲಗೆ ಕೇಳಲೆಂದೇ ಬಂದಿದ್ದಾರೆ ಎಂದುಕೊಂಡು, “ಇನ್ನ ಇಬ್ಬರ ಮದುವಿ ಐತ್ರಿ ಮನ್ಯಾಗ” ಎಂಬ ಮಾತನ್ನು ಬಾಯಲ್ಲೇ ಇಟ್ಟುಕೊಂಡಿದ್ದೆ. ಅವರು ಹಲಗೆಯನ್ನು ಅಟ್ಟದಿಂದ ಇಳಿಸಲು ಹೇಳಿ, ಎಣ್ಣೆ ಸವರಿ, ಬೆಣೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಗಟ್ಟಿ ಅದಾವು ಬಿಡು” ಎಂದರು. ಚಾ ಕುಡಿದು ಕಂಪ್ಲಿ ಬಸ್ಸು ಹತ್ತಿದರು.

ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ದೇವರಾಣೆ ನನಗೆ ಗೊತ್ತಿಲ್ಲ. ಆದರೆ ಕೇಳಲೇ ಇಲ್ಲವಲ್ಲ! ಜೀವಮಾನವೆಲ್ಲ ನನ್ನನ್ನು ಗೋಳು ಹೊಯ್ದುಕೊಂಡ ಮನುಷ್ಯ, ಅದೊಂದು ಸಲ ಗೋಳು ಹೊಯ್ದುಕೊಳ್ಳದೆ ಹೋದರು.

ಗಂಡನಿಗೆ ಫೋನು ಮಾಡಿ ಸುದ್ದಿ ಹೇಳಿದೆ. ಅಷ್ಟರಲ್ಲಿ ನಲ್ಲಿಗೆ ನೀರು ಬಂತು. ಮೂರು ದಿನಕ್ಕೊಮ್ಮೆ ಬರುವ ನೀರು, ಕಂಪ್ಲಿಗೆ ಹೊರಡುವ ಮೊದಲು ತುಂಬಿಕೊಳ್ಳಲೇಬೇಕು. ಸೆರಗು ಸಿಕ್ಕಿಸಿ ಮೊದಲ ಕೊಡ ಹಿಡಿದೆ.