ಸುಮಿಂತ್ರಾ ಆಜಿಯ ಮೆಟ್ಟಿಲು

"ಅಮ್ಮಾ, ಸುಮಿಂತ್ರಾ ಆಜಿ ಖಾಲಿ ಜಾಗಕ್ಕೆ ಯಾಕೆ ಬಯ್ತಾಳೆ? ಅಲ್ಲಿ ಯಾರೂ ಇಲ್ವಲ್ಲ?"

ಐದು ವರ್ಷದ ಇಶಿಕಾ ತಾಯಿ ರೊನೀತಾಳ ಕೈ ಜಗ್ಗಿ ಕೇಳಿದಳು. ದ್ವೀಪದ ಲಂಬಾಸಾ ಪೇಟೆಯಾಚೆ, ಕಬ್ಬಿನ ರೈಲುಹಳಿಯ ಮಗ್ಗುಲಿನ ಆ ಜಾಗಕ್ಕೆ ಶನಿವಾರ ಮುಂಗಡ ಕೊಡುವುದೆಂದು ಅವಳೂ ಗಂಡನೂ ಗೊತ್ತುಮಾಡಿಕೊಂಡಿದ್ದರು. ಮಗಳಿಗೆ ತೋರಿಸೋಣವೆಂದು ಬಂದರೆ, ಪರಿಚಯದ ಮುದುಕಿ ಸುಮಿಂತ್ರಾ ಕಬ್ಬಿನ ಕತ್ತಿಯಲ್ಲಿ ಹುಲ್ಲು ಸವರುತ್ತಾ, "ನುಂಗಿದೆಯಲ್ಲ, ಹೊಟ್ಟೆ ತುಂಬ್ತಾ?" ಎಂದು ಮಣ್ಣನ್ನೇ ಕೇಳುತ್ತಿದ್ದಳು.

"ಆಜಿ, ಈ ಜಾಗ ನಾವು ತಗೋತಿದ್ದೀವಿ. ಸೂರಜ್ ಭಯ್ಯಾ ಎಲ್ಲಾ ಮಾತಾಡಿದ್ದಾರೆ."

ಕತ್ತಿ ನಿಂತಿತು. "ಆ ದಲ್ಲಾಳಿನಾ? ಯಂಗೋನಾ ಬೇರಿನ ಕಟ್ಟು ಕುಲದ ಹಿರಿಯರ ಮುಂದಿಟ್ಟು, ಅದನ್ನ ಅರೆದ ಬಟ್ಟಲು ಕುಡಿದು ಚಪ್ಪಾಳೆ ತಟ್ಟಿದ್ರೆ ಜಾಗ ನಿಮ್ಮದೇ, ಕಾಗದ ಯಾಕೆ ಅಂದ್ನಾ?"

ಸೂರಜ್ ಹೇಳಿದ್ದು ಅಕ್ಷರಶಃ ಅದೇ. ರೊನೀತಾ ಮಗಳ ಕೈ ಹಿಡಿದು ಹತ್ತಿರ ಬಂದಳು.

"ಕೂತ್ಕೋ." ಕೂರಲು ಅಲ್ಲಿದ್ದದ್ದು ಒಂದು ಸಿಮೆಂಟಿನ ಮೆಟ್ಟಿಲು. ಅದರ ಹಿಂದೆ ಮನೆಯಿರಲಿಲ್ಲ.

ಕಬ್ಬು ಕಡಿಯುವ ತಂಡಕ್ಕೆ ಹದಿನೇಳು ಸುಗ್ಗಿ ರೊಟ್ಟಿ ಬಡಿದು ಸುಮಿಂತ್ರಾ ಕಟ್ಟಿದ ಮನೆ ಅಲ್ಲಿತ್ತು. ಇದೇ ಸೂರಜ್ ದುಡ್ಡು ತಗೊಂಡು ಬೇರಿನ ಕಟ್ಟು ಇಡಿಸಿದ್ದ; ಜಾಗದ ಕುಲದ ಹಿರಿಯ ಇಲೈಸಾ ಕೈಕುಲುಕಿ ಇರು ಅಂದಿದ್ದ, ಇದ್ದಳು.

"ಇಲೈಸಾ ದೇವರಂಥವನು ಕಣೇ. ಅವನು ಬದುಕಿರೋವರೆಗೆ ನನ್ನ ಬೇಲಿ ಯಾರೂ ಮುಟ್ಲಿಲ್ಲ. ಆದ್ರೆ ಜಾಗ ಅವನೊಬ್ಬಂದಲ್ಲ, ಇಡೀ ಕುಲದ್ದು. ಅವನು ಹೋದ್ಮೇಲೆ ಉಳಿದವರು ಬಂದು, 'ಅಮ್ಮಾ, ನಮ್ಮನ್ನ ಯಾರೂ ಕೇಳ್ಲೇ ಇಲ್ಲ' ಅಂದ್ರು. ಸುಳ್ಳಾ? ನಾನೆಲ್ಲಿ ಕೇಳಿದ್ದೆ? ಕಾಗದ ಬೇಡ ಅಂದು, ಅವರ ಮೇಲೆ ಕೋಪ ಮಾಡ್ಕೊಳೋಕೂ ಬಿಡ್ಲಿಲ್ಲ ಆ ಸೂರಜ್! ಮನೆ ಬಿಚ್ಚಿ ತಗಡು, ಹಲಗೆ ಲಾರಿಗೆ ಹಾಕ್ದೆ. ಇದೊಂದು ಬರ್ಲಿಲ್ಲ." ಮೆಟ್ಟಿಲಿಗೆ ಕತ್ತಿಯ ಹಿಡಿಯಿಂದ ಕುಟ್ಟಿದಳು.

"ಈಗೇನು ಮಾಡ್ಲಿ ಆಜಿ?"

"ಕುಲದ ಜಮೀನು ಗುತ್ತಿಗೆಗೆ ಕೊಡೋ ಕಚೇರಿಗೆ ಹೋಗು. ಈ ತುಂಡಿನ ನಂಬರ್ ಹೇಳಿ, ಗುತ್ತಿಗೆ ಯಾರ ಹೆಸರಲ್ಲಿ, ಇನ್ನೆಷ್ಟು ವರ್ಷ, ಕುಲದವರು ಎಷ್ಟು ಜನ ಸಹಿ ಹಾಕಿದ್ದಾರೆ ಕೇಳು. ನಕ್ಷೆ ಹಿಡ್ಕೊಂಡು ನಾಲ್ಕೂ ಮೂಲೆ ಗೂಟ ಹುಡುಕು. ಬರೋ ದಾರಿ ಯಾರದು ಅಂತ್ಲೂ ಕೇಳು. ಮಳೇಲಿ ನೀರೆಲ್ಲಿ ನಿಲ್ಲುತ್ತೆ ಅಂತ ಮಾತ್ರ ಯಾರನ್ನೂ ಕೇಳ್ಬೇಡ, ನಾನೇ ಹೇಳ್ತೀನಿ: ನನ್ನ ಅಡುಗೆಮನೇಲಿ, ಮೊಣಕಾಲುದ್ದ!"

ಗುರುವಾರ ರೊನೀತಾ ಮಗಳ ಕೈಹಿಡಿದು ಕಚೇರಿಯ ಸಾಲಿನಲ್ಲಿ ನಿಂತಳು. ಗುಮಾಸ್ತೆ ಕಡತ ಎರಡು ಸಲ ನೋಡಿ ತಲೆಯಾಡಿಸಿದಳು. ಆ ತುಂಡಿಗೆ ಗುತ್ತಿಗೆಯಿಲ್ಲ, ಅರ್ಜಿಯಿಲ್ಲ, ಒಂದು ಸಹಿಯೂ ಇಲ್ಲ.

ಅಲ್ಲಿಂದ ನೇರ ಸುಮಿಂತ್ರಾ ಈಗಿರುವ ಅವಳ ತಂಗಿಮಗಳ ಮನೆಗೆ ಬಂದಳು. ಹಿತ್ತಲ ಕೋಣೆಯಲ್ಲಿ ಮುದುಕಿ ಬದನೆಕಾಯಿ ಹೆಚ್ಚುತ್ತಿದ್ದಳು. ರೊನೀತಾ ಫೋನ್ ತೆಗೆದು ಸೂರಜ್‌ನ ನಂಬರ್ ಹುಡುಕಿದಳು. "ಈಗ್ಲೇ ಅವನಿಗೆ ಉಗೀತೀನಿ. ಕೂಸನ್ನ ಕರ್ಕೊಂಡು ಬೀದಿಗೆ ಬೀಳ್ತಿದ್ವಲ್ಲ ಆಜಿ!"

ಸುಮಿಂತ್ರಾ ಅವಳ ಮಣಿಕಟ್ಟು ಹಿಡಿದಳು.

"ಉಗೀಬೇಡ. ನಂಗೊಂದು ಉಪಕಾರ ಮಾಡು ಮಗಳೇ. ಶನಿವಾರ ಮುಂಗಡಕ್ಕೆ ಅವನು ಬರ್ಲಿ. ಚಹಾ ಕೊಡು, ಕಾಗದ ತೋರ್ಸು ಅನ್ನು, ಅಷ್ಟೇ. ನನ್ನನ್ನ ಮಾತ್ರ ಮೊದ್ಲೇ ಕರ್ಸಿ ನಿನ್ನ ಅಡುಗೆಮನೇಲಿ ಕೂರ್ಸಿರು. ನಾನಿದ್ದೀನಿ ಅಂತ ಅವನಿಗೆ ಹೇಳ್ಬೇಡ, ಕಾಗದ ಯಾಕೆ ಅಂದ ಕೂಡ್ಲೇ ನಾನೇ ಎದುರಿಗೆ ಬರ್ತೀನಿ."