ಬೆಂಕಿ ಮುಟ್ಟದ ಹೊಲಿಗೆ

ನಲ್ಲಂಪಳ್ಳಿ ದಾಟಿ ಸೇಲಂ ಕಡೆಗೆ ಹೋಗುವ ಮೊದಲ ಬಸ್ಸಿನ ದೀಪ ರಸ್ತೆಯ ಮೇಲೆ ಬೀಳುವ ಹೊತ್ತಿಗೆ ಜವರಪ್ಪ ಮೊಣಕೈವರೆಗೆ ಹುಣಿಸೆ ನೀರಿನಲ್ಲಿರುತ್ತಾರೆ. ಅರ್ಧಕ್ಕೆ ಕತ್ತರಿಸಿದ ಡಾಂಬರು ಪೀಪಾಯಿ ಅವರ ತೊಟ್ಟಿ. ಅದರ ತಳದಿಂದ ಎರಡು ಕೈಯಲ್ಲೂ ಒಂದು ಕಬ್ಬಿಣದ ದವಡೆಯನ್ನು ಎತ್ತಿ ಕಲ್ಲಿನ ಮೇಲಿಟ್ಟು, ತೆಂಗಿನ ನಾರಿಗೆ ಬೂದಿ ಹಚ್ಚಿ ಉಜ್ಜುತ್ತಾರೆ. ತುಕ್ಕು ಕೆಸರಿನಂತೆ ಇಳಿಯುತ್ತದೆ. ಅಡಿಯಿಂದ ಯಾವುದೋ ದೇಶದ ಅಕ್ಷರಗಳು ಏಳುತ್ತವೆ. ಜವರಪ್ಪನವರಿಗೆ ಓದು ಬರುವುದಿಲ್ಲ. ಅವರು ನೋಡುವುದು ಅಕ್ಷರಗಳ ಪಕ್ಕದ ಗೆರೆಯನ್ನು. ಅದು ಎರಕದ ಗೆರೆಯೋ, ಬಿರುಕೋ ಎಂದು ಉಗುರಿನಿಂದ ಎಳೆದು ನೋಡುತ್ತಾರೆ.

"ಉಗುರು ಸಿಕ್ಕೊಂಡ್ರೆ ಬಿರುಕು. ಜಾರಿದ್ರೆ ಬರೀ ಗೀಟು" ಎನ್ನುತ್ತಾರೆ.

ಜವರಪ್ಪನವರ ಕೆಲಸ ಹಳೆಯ ಬೆಂಚ್ ವೈಸುಗಳನ್ನು ಹುಡುಕಿ ತಂದು ಮತ್ತೆ ದುಡಿಯುವಂತೆ ಮಾಡುವುದು. ಮೇಜಿಗೆ ಬಿಗಿದ ಎರಡು ದವಡೆಗಳ ಈ ಸಾಧನ ಇಲ್ಲದೆ ಸೈಕಲ್ ಅಂಗಡಿಯಾಗಲಿ, ಪಂಪ್‌ಸೆಟ್ ರಿಪೇರಿಯಾಗಲಿ ನಡೆಯುವುದಿಲ್ಲ. ಹಿಡಿ ತಿರುಗಿಸಿದರೆ ದಪ್ಪ ಸ್ಕ್ರೂ ಮುಂದಿನ ದವಡೆಯನ್ನು ಎಳೆದು ತಂದು, ನಡುವೆ ಇಟ್ಟದ್ದನ್ನು ಕಚ್ಚಿ ಹಿಡಿಯುವಂತೆ ಮಾಡುತ್ತದೆ. ಮೈಯೆಲ್ಲ ಎರಕದ ಕಬ್ಬಿಣ. ಒತ್ತಡವನ್ನು ತಾಳುತ್ತದೆ, ಸುತ್ತಿಗೆಯ ಪೆಟ್ಟನ್ನು ತಾಳುವುದಿಲ್ಲ. ಒಮ್ಮೆ ಬಿರುಕು ಬಿಟ್ಟ ವೈಸು ಸಾಮಾನ್ಯವಾಗಿ ಸೇರುವುದು ಸೇಲಂನ ಗುಜರಿಯನ್ನು, ಅಲ್ಲಿಂದ ಎರಕದ ಮೂಸೆಯನ್ನು. ಆ ದಾರಿಗೆ ಅಡ್ಡ ನಿಂತಿರುವವರು ಕುರಿ ಕಾಯುವ ಮನೆತನದ ಈ ಐವತ್ತರ ಆಸುಪಾಸಿನ ಮನುಷ್ಯ.

ಅವರ ಕೆಲಸದ ಚಪ್ಪರಕ್ಕೆ ನಾಲ್ಕು ಕಲ್ಲುಕಂಬ, ಮೇಲೆ ತಾಳೆಗರಿ. ಗೋಡೆ ಇಲ್ಲ. ಉದ್ದನೆಯ ಹುಣಿಸೆ ಹಲಗೆಯ ಮೇಲೆ ಹನ್ನೊಂದು ವೈಸುಗಳು ಸಾಲಾಗಿ ಕೂತಿವೆ. ಇವು ಮಾರಾಟಕ್ಕಲ್ಲ. ಈ ದಿನ ಮಾತ್ರ ಹನ್ನೆರಡನೆಯದೊಂದು ಹಲಗೆ ಏರದೆ, ಕಂಬಳಿ ಚೂರು ಹೊದ್ದು ನೆಲದ ಮೇಲೆ ಕೂತಿದೆ. ಊರವರು ಆಸಾರಿ ಎಂದು ಕರೆಯುವ ಕಮ್ಮಾರ ಸುಬ್ಬರಾಯನ್ ಅವರದು. ನಿನ್ನೆ ಗಾಡಿಯಲ್ಲಿ ಕಳಿಸಿದ್ದಾರೆ. ಜವರಪ್ಪ ಅದನ್ನು ಮುಟ್ಟಿಲ್ಲ.

"ಮುಟ್ಟಲ್ಲ. ವೈಸು ಬಂದೈತೆ, ವೈಸಿನ ಯಜಮಾನ್ರು ಬಂದಿಲ್ಲ. ಅವರೇ ಬರ್ಬೇಕು. ಇಲ್ಲಿ, ಈ ಹಲಗೆ ಮುಂದೆ ನಿಂತು ಕೇಳ್ಬೇಕು. ಆಮ್ಯಾಕೆ ನೋಡಾನ."

ಈ ಹಟದ ಬೇರು ಇಪ್ಪತ್ತು ವರ್ಷಕ್ಕೂ ಹಿಂದಿನದು, ಧರ್ಮಪುರಿ ಸೇಲಂನಿಂದ ಬೇರೆ ಜಿಲ್ಲೆಯಾಗುವುದಕ್ಕೂ ಮುಂಚಿನದು. ಆಗ ಜವರಪ್ಪ ತೊಪ್ಪೂರು ಕಣಿವೆಯ ಬಳಿ ಕುರಿ ಮೇಯಿಸುತ್ತಿದ್ದರು. ರಸ್ತೆ ಕೆಲಸದವರು ಬಿಟ್ಟು ಹೋದ ಮುರುಕು ಶೆಡ್ಡಿನಲ್ಲಿ ಒಂದು ಕಬ್ಬಿಣದ ತುಂಡು ಸಿಕ್ಕಿತು. ಕಾಲಿಗೆ ತೂತುಗಳಿದ್ದವು, ಒದ್ದರೆ ಅಲ್ಲಾಡುತ್ತಿರಲಿಲ್ಲ. ಹೊತ್ತು ತಂದು ತಮ್ಮ ದೊಡ್ಡ ಟಗರನ್ನು ಅದಕ್ಕೆ ಕಟ್ಟಿದರು. "ಒಳ್ಳೆ ಗೂಟ ಸಿಕ್ತು ಅನ್ಕೊಂಡೆ. ಆ ಟಗರು ಮೂರು ಗೂಟ ಕಿತ್ತಿತ್ತು. ಇದನ್ನ ಕೀಳಕಾಗ್ಲಿಲ್ಲ."

ಟಗರು ಸುಮಾರು ಒಂದು ವರ್ಷ ವೈಸಿಗೇ ಕಟ್ಟಿಸಿಕೊಂಡಿತ್ತು. ಒಂದು ದಿನ ಲಾರಿ ಕೆಟ್ಟು ರಸ್ತೆಯಲ್ಲಿ ನಿಂತಿದ್ದ ಮೆಕ್ಯಾನಿಕ್ ವೆಂಕಟಾಚಲಂ ನೀರು ಕೇಳಲು ಬಂದವರು ಅಲ್ಲೇ ಕೂತು ನಕ್ಕರಂತೆ. "ಅಡಡೇ, ಇದು ವೈಸ್ ಪಾ! ಇಂಗ್ಲಿಷ್ ಸೀಮೆಯಿಂದ ಹಡಗಲ್ಲಿ ಬಂದದ್ದು. ನಿನ್ನ ಟಗರು ದೊರೆ ಮನೇಲಿ ಹುಟ್ಟಿತ್ತಾ?" ಎಂದು ಕೇಳಿ, ಅದು ಏನು ಮಾಡುತ್ತದೆಂದು ತೋರಿಸಿಕೊಟ್ಟರು. ಜವರಪ್ಪನವರಿಗೆ ತಟ್ಟನೆ ಹೊಳೆದದ್ದು ಉಣ್ಣೆ ಕತ್ತರಿಸುವ ಕತ್ತರಿ. ಉಣ್ಣೆ ತೆಗೆಯುವ ದಿನಗಳಲ್ಲಿ ಕುರಿಯವರು ಕತ್ತರಿ ಮಸೆಸಲು ಕುಲುಮೆಯ ಮುಂದೆ ಕಾಯಬೇಕಿತ್ತು. ಎಲ್ಲರ ಕೆಲಸ ಮುಗಿದ ಮೇಲೆ ಅವರ ಸರದಿ. ಕತ್ತರಿಯನ್ನು ಕಚ್ಚಿ ಹಿಡಿಯುವ ಸಾಧನವೊಂದು ಮನೆಯಲ್ಲೇ ಇದ್ದರೆ ಅರ ತಾನೇ ಹಾಕಿಕೊಳ್ಳಬಹುದು.

ಆದರೆ ವೈಸಿನ ಕುತ್ತಿಗೆಯಲ್ಲಿ ಬಿರುಕಿತ್ತು. ಅದನ್ನು ತಲೆಯ ಮೇಲೆ ಹೊತ್ತು ಕುಲುಮೆಗೆ ಹೋದರು. ಯಾರೂ ಒಳಗೆ ಬಾ ಎನ್ನಲಿಲ್ಲ. ರಸ್ತೆಯಲ್ಲೇ ನಿಂತು, ಕುಲುಮೆಯ ಬೆಂಕಿಯಲ್ಲಿ ತಾನೇ ಕಾಯಿಸಿ ಬೆಸೆದು ನೋಡುತ್ತೇನೆ, ಸ್ವಲ್ಪ ಹೊತ್ತು ಜಾಗ ಕೊಡಿ ಎಂದು ಕೇಳಿದರು. ಸುಬ್ಬರಾಯನ್ ತಿದಿ ಒತ್ತುತ್ತಲೇ ಹೇಳಿದ ಮಾತು ಅವರಿಗೆ ಇಂದಿಗೂ ಬಾಯಿಪಾಠ: "ಕುರಿ ಹಿಡಿಯೋ ಕೈಗೆ ಕುಲುಮೆ ಯಾಕಪ್ಪಾ? ಟಗರನ್ನೇ ಕಟ್ಟು, ಓಗು." ಅಲ್ಲಿದ್ದವರು ನಕ್ಕರು. ಜವರಪ್ಪ ಮರುದಿನ ಮತ್ತೆ ಹೋದರು, ಅದರ ಮರುವಾರವೂ ಹೋದರು. ರಸ್ತೆಯಿಂದ ಮುಂದಕ್ಕೆ ಕಾಲಿಡಲು ಆಗಲಿಲ್ಲ.

ಕೊನೆಯ ಸಲ ಹಾಗೇ ಮರಳಿದ ಸಂಜೆ ಮನೆಯಲ್ಲಿ ನಡೆದದ್ದನ್ನು ಹೆಂಡತಿ ಮಾರಕ್ಕ ಹೇಳುತ್ತಾರೆ. "ಬೆಂಕಿ ಕೊಡ್ಲಿಲ್ಲ, ಬೆಂಕಿ ಕೊಡ್ಲಿಲ್ಲ ಅಂತ ಒಂದೇ ಸಮ ಗೊಣಗ್ತಾ ಇದ್ದ. ನಂಗೂ ರೋಸಿ ಓಯ್ತು. 'ಲೇ, ಕಂಬ್ಳಿ ಅರ್ದ್ರೆ ಬೆಂಕಿಗ್ ಇಕ್ತಾರಾ? ಸೂಜಿ ತಗೊಂಡು ಒಲಿ, ಸಾಕು' ಅಂದೆ. ನಾನು ಬೈದಿದ್ದು ಸಾಮಿ. ಈ ಮನುಷ್ಯ ಅದನ್ನೇ ಇಡ್ಕೊಂಡ!"

ಜವರಪ್ಪ ನಿಜಕ್ಕೂ ಹೊಲಿದರು. ಕೆಲವು ಹಳೆಯ ಮೆಕ್ಯಾನಿಕ್‌ಗಳು ಎಂಜಿನ್ನಿನ ಬಿರುಕಿಗೆ ತಿರುಪು ಮೊಳೆ ಹಾಕುತ್ತಿದ್ದರೆಂದು, ಮತ್ತೊಮ್ಮೆ ಆ ದಾರಿಯಲ್ಲಿ ಬಂದ ವೆಂಕಟಾಚಲಂ ಹೇಳಿ, ಎದೆಗೆ ಒತ್ತಿಕೊಂಡು ತಿರುಗಿಸುವ ಕೈ ಡ್ರಿಲ್ ಒಂದನ್ನು ಕೊಟ್ಟು ಹೋದರು. ಕೆಲಸದ ಕ್ರಮ ಹೀಗಿದೆ. ಮೊದಲು ಬಿರುಕಿನ ಎರಡು ತುದಿಗೂ ಒಂದೊಂದು ತೂತು ಕೊರೆಯಬೇಕು, ಬಿರುಕು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಬಿರುಕಿನ ಉದ್ದಕ್ಕೂ ತೂತು ಕೊರೆದು, ಒಳಗೆ ತಿರುಪು ಹಾದಿ ಮಾಡಿ, ಮೆದು ಕಬ್ಬಿಣದ ಮೊಳೆಯನ್ನು ತಿರುಗಿಸಿ ಕೂರಿಸಬೇಕು. ಮುಂದಿನ ತೂತು ಹಿಂದಿನ ಮೊಳೆಯ ಅಂಚನ್ನು ಕಚ್ಚಿಕೊಂಡೇ ಬರಬೇಕು. ಕೊನೆಗೆ ಮೊಳೆಗಳ ತಲೆ ಕತ್ತರಿಸಿ, ಸಣ್ಣ ಸುತ್ತಿಗೆಯಿಂದ ಹರಡುವಂತೆ ಬಡಿಯಬೇಕು. ಎಲ್ಲಿಯೂ ಬೆಂಕಿ ಇಲ್ಲ. ಎರಕದ ಕಬ್ಬಿಣಕ್ಕೆ ಇದೇ ಒಳ್ಳೆಯದು, ಏಕೆಂದರೆ ಒಂದೇ ಕಡೆ ಕಾದು ಆರಿದರೆ ಅದು ಪಕ್ಕದಲ್ಲಿ ಮತ್ತೆ ಸೀಳುತ್ತದೆ. ಜವರಪ್ಪನವರಿಗೆ ಆಗ ಇದು ಗೊತ್ತಿರಲಿಲ್ಲ. ಬೆಂಕಿ ಇರಲಿಲ್ಲ, ಅದಕ್ಕೆ ತಣ್ಣಗೆ ಮಾಡಿದರು. ಮೊದಲ ಪ್ರಯತ್ನಗಳು ಕೆಟ್ಟವು. ಒಡೆದ ಆ ತುಂಡುಗಳನ್ನು ಚಪ್ಪರದ ಮೂಲೆಯಲ್ಲಿ ಹಾಗೇ ಇಟ್ಟಿದ್ದಾರೆ, ಯಾರಾದರೂ ಕೇಳಿದರೆ ಎತ್ತಿ ತೋರಿಸುತ್ತಾರೆ.

ವೈಸುಗಳು ಎಲ್ಲೆಲ್ಲಿ ಸಿಗುತ್ತವೆ ಎಂಬುದೇ ಒಂದು ಕಥೆ. ಪಾಲಕೋಡಿನಲ್ಲಿ ಒಂದು ತರಕಾರಿ ಮಂಡಿಯ ಬಾಗಿಲಿಗೆ ಅಡ್ಡವಾಗಿ ಸಿಕ್ಕಿತು. ಎಡಪ್ಪಾಡಿಯಲ್ಲಿ ಕನ್ನಡ ಮಾತಾಡುವ ನೇಕಾರರ ಮನೆಯೊಂದರಲ್ಲಿ ಮಗ್ಗದ ಹಾಸುನೂಲು ಬಿಗಿಯಲು ತೂಗುಬಿಟ್ಟಿದ್ದರು. ಮನೆಯೊಡತಿ ಕುಪ್ಪಮ್ಮ ಕೊಡಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ನೂಲಿಗೆ ಈ ತೂಕ ಒಗ್ಗೋಗೈತೆ ಅಣ್ಣಾ. ಇಷ್ಟೇ ತೂಕದ ಕಲ್ಲು ತಂದು ಕಟ್ಟಿ ತಗೊಂಡೋಗು." ಜವರಪ್ಪ ತಮ್ಮೂರಿನಲ್ಲೇ ಅದೇ ಅಳತೆಯ ಇನ್ನೊಂದು ವೈಸಿಗೆ ಸಮನಾಗಿ ತೂಗಿದ ಕಲ್ಲನ್ನು ಬಸ್ಸಿಗೆ ಹತ್ತಿಸಿದರು. ಕಂಡಕ್ಟರ್ ಜಗಳಕ್ಕೆ ನಿಂತ. ಎಡಪ್ಪಾಡಿಯಲ್ಲಿ ಕಲ್ಲಿಲ್ಲವೇ ಎಂದು ಕೇಳಿದ. "ಇರ್ಬೋದು ಸಾರ್, ಆದ್ರೆ ಅವು ನಮ್ಮೂರ ಗುಜರಿ ತಕ್ಕಡೀಲಿ ತೂಗಿಲ್ವಲ್ಲ" ಎಂದರಂತೆ ಇವರು. ಲಗೇಜ್ ಟಿಕೆಟ್ ತಪ್ಪಲಿಲ್ಲ.

ಸರಿಪಡಿಸಿದ ವೈಸುಗಳನ್ನು ಸೈಕಲ್ ಅಂಗಡಿಯವರು, ಲಾರಿ ಬಾಡಿ ಕಟ್ಟುವವರು, ಬಾವಿ ಎಂಜಿನ್ ರಿಪೇರಿಯವರು ಒಯ್ಯುತ್ತಾರೆ. ಅದರಿಂದ ಸಂಸಾರ ನಡೆಯುತ್ತದೆ, ಕುರಿಗಳನ್ನು ಮಾರಕ್ಕ ನೋಡಿಕೊಳ್ಳುತ್ತಾರೆ. ಹಲಗೆಯ ಮೇಲಿನ ಹನ್ನೊಂದು ಮಾತ್ರ ಯಾರು ಬೇಕಾದರೂ ಬಂದು ಬಳಸಲು. ಉಣ್ಣೆ ಕತ್ತರಿ ಹಿಡಿದ ಕುರಿಯವರು, ಗುದ್ದಲಿ ಹಿಡಿದ ಕೂಲಿಯವರು ಬೆಳಿಗ್ಗೆಯೇ ಬಂದು, ಅವನ್ನು ತಾವೇ ಬಿಗಿದು, ತಾವೇ ಅರ ಹಾಕಿಕೊಳ್ಳುತ್ತಾರೆ. ಯಾರನ್ನೂ ಕೇಳುವುದಿಲ್ಲ. ಸೇಲಂನ ವ್ಯಾಪಾರಿಯೊಬ್ಬರು ಹನ್ನೊಂದನ್ನೂ ಒಟ್ಟಿಗೆ ಕೇಳಿದ್ದಾರೆ. "ಹೊಲಿಗೆ ಮುಚ್ಚಿ ಹಸಿರು ಬಣ್ಣ ಬಳಿದು ಕೊಡು ಅಂದ್ರು. ವೇಣಾಂ, ಬ್ಯಾಡ ಓಗಿ ಅಂದೆ. ಬಣ್ಣ ಬಳಿದ್ರೆ ಅದು ಹೊಸ ವೈಸು ಅಂತ ಸುಳ್ಳು ಏಳ್ತದೆ. ಇದು ಒಡೆದು ಬದುಕಿರೋದು."

ಈಗ ನೆಲದ ಮೇಲೆ ಕೂತಿರುವ ವೈಸು ಸುಬ್ಬರಾಯನ್ ಅವರ ತಂದೆ ಕೊಂಡದ್ದು. ಬಲಗೆನ್ನೆ ಸೀಳಿತ್ತು. ಧರ್ಮಪುರಿಯಲ್ಲಿ ಗ್ಯಾಸ್ ಬೆಸುಗೆ ಹಾಕಿಸಿದ್ದರು. ಬೆಸುಗೆ ನಿಂತಿದೆ, ಪಕ್ಕದಲ್ಲಿ ಹೊಸ ಸೀಳು ಬಂದಿದೆ. ಅದಿಲ್ಲದೆ ಕುಲುಮೆಯಲ್ಲಿ ಪೈಪು, ಬೋಲ್ಟುಗಳ ಕೆಲಸ ನಿಂತುಹೋಗಿದೆ. ಹೀಗಾಗಿ ಊರವರ ಕೋಪ ತಿರುಗಿರುವುದು ಜವರಪ್ಪನವರ ಮೇಲೆ. ವೈಸನ್ನು ತಂದಿಳಿಸಿದ ಗಾಡಿಯ ಪೊನ್ನುಸ್ವಾಮಿ ಬೆಳಿಗ್ಗೆಯೇ ಮತ್ತೆ ಹಾಜರು.

"ಜವರಣ್ಣಾ, ನನ್ನ ಪಂಪಿನ ಪೈಪು ಆಸಾರಿ ಹತ್ರ ಬಿದ್ದೈತೆ. ನಿನ್ನ ಕೋಪಕ್ಕೆ ನನ್ನ ಬದನೆ ಗಿಡ ಒಣಗ್ಬೇಕಾ?"

"ಪೈಪು ಇಲ್ಲಿಗೆ ತಾ. ಹನ್ನೊಂದವೆ. ಯಾವುದ್ರಲ್ಲಿ ಬೇಕೋ ಅದ್ರಲ್ಲಿ ಕಚ್ಚಿಸು."

"ಥ್ರೆಡ್ಡು ಹಾಕೋ ಅಚ್ಚು ಆಸಾರಿ ಹತ್ರ ಐತಲ್ಲ!"

"ಅಂಗಾದ್ರೆ ಅಚ್ಚು ಹಿಡ್ಕೊಂಡು ಆಸಾರೀನೂ ಬರ್ಲಿ."

ಮಾರಕ್ಕ ಮನೆಯೊಳಗಿನಿಂದಲೇ ಕೂಗುತ್ತಾರೆ: "ಹೊಲಿದು ಬಿಸಾಕಬಾರ್ದಾ? ಕೋಪ ಬೇಯಿಸಿ ಸಾರು ಮಾಡ್ಲಾ?" ಜವರಪ್ಪ ತೊಟ್ಟಿಗೆ ಕೈ ಹಾಕಿ ಮತ್ತೊಂದು ದವಡೆ ಎತ್ತುತ್ತಾರೆ. ಆದರೆ ಇದರಲ್ಲಿ ಅವರಿಗೂ ಅಪಾಯವಿದೆ. ಗ್ಯಾಸ್ ಬೆಸುಗೆಯ ಪಕ್ಕದ ಕಬ್ಬಿಣ ಗಾಜಿನಂತೆ ಗಟ್ಟಿಯಾಗಿರುತ್ತದೆ, ಡ್ರಿಲ್ಲು ಕಚ್ಚುವುದಿಲ್ಲ. ಕಮ್ಮಾರರನ್ನು ಕರೆಸಿಕೊಂಡು ಕೊನೆಗೆ ಕೆಲಸ ಕೆಟ್ಟರೆ ಊರು ನಗುವುದು ಯಾರನ್ನು ಎಂದು ಅವರಿಗೆ ಗೊತ್ತು.

ಸುಬ್ಬರಾಯನ್ ತಮ್ಮ ಕುಲುಮೆಯಲ್ಲಿ ಮಾತಿಗೆ ಸಿಗುತ್ತಾರೆ. ಹಳೆಯದನ್ನು ಅವರು ಮರೆತಿಲ್ಲ, ಅಲ್ಲಗಳೆಯುವುದೂ ಇಲ್ಲ. "ಎರಕದ ಕಬ್ಬಿಣ ಕುಲುಮೇಲಿ ಬೆಸೆಯೋಕಾಗಲ್ಲ. ಅದು ನಿಜ. ಬೆಂಕಿ ಮುಂದೆ ಬಂದೋರಿಗೆಲ್ಲ ಜಾಗ ಕೊಡೋಕೆ ಇದು ಛತ್ರಾನೂ ಅಲ್ಲ" ಎಂದು ತಮಿಳಿನಲ್ಲಿ ಹೇಳಿ ಮುಖ ತಿರುಗಿಸುತ್ತಾರೆ. ಅವರ ಮೇಜಿನ ಮೇಲೆ ವೈಸು ಇದ್ದ ಜಾಗದಲ್ಲಿ ನಾಲ್ಕು ತೂತುಗಳು ಮಾತ್ರ ಇವೆ.

ಮರುದಿನ ಬಿಸಿಲೇರುವ ಮುಂಚೆ ಅವರು ಬರುತ್ತಾರೆ. ಕೈಯಲ್ಲಿ ಥ್ರೆಡ್ಡಿನ ಅಚ್ಚು. ಚಪ್ಪರದ ಹೊರಗೆ ರಸ್ತೆಯ ಅಂಚಿನಲ್ಲಿ ನಿಲ್ಲುತ್ತಾರೆ. ಕತ್ತರಿಗೆ ಅರ ಹಾಕುತ್ತಿದ್ದ ಇಬ್ಬರು ಕುರಿಯವರು ಕೈ ನಿಲ್ಲಿಸುತ್ತಾರೆ.

"ಒಳಕ್ಕೆ ಬನ್ನಿ ಆಸಾರಿ" ಎನ್ನುತ್ತಾರೆ ಜವರಪ್ಪ, ಕೂತಲ್ಲಿಂದಲೇ. "ಇಲ್ಲಿ ತಡೆಯೋಕೆ ಗೋಡೆ ಇಲ್ಲ."

ಸುಬ್ಬರಾಯನ್ ಬಂದು ಹಲಗೆಯ ಮುಂದೆ ನಿಲ್ಲುತ್ತಾರೆ. ವೈಸುಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಾರೆ. ಒಂದರ ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟು ಎಳೆಯುತ್ತಾರೆ. "ಮಾಡಿಕೊಡಪ್ಪಾ" ಎನ್ನುತ್ತಾರೆ. ಅಷ್ಟೇ ಮಾತು. ಜವರಪ್ಪ ಎದ್ದು ಕಂಬಳಿ ಚೂರನ್ನು ತೆಗೆಯುತ್ತಾರೆ.

ಡ್ರಿಲ್ಲು ಮೊದಲ ಸಲ ಜಾರುತ್ತದೆ, ಎರಡನೆಯ ಸಲ ಮೊನೆ ಮುರಿಯುತ್ತದೆ. ಜವರಪ್ಪ ಬೆಸುಗೆಯ ಹತ್ತಿರ ಹೋಗುವುದನ್ನು ಬಿಟ್ಟು, ಗಟ್ಟಿ ಜಾಗದ ಆಚೆ ಮೆದು ಕಬ್ಬಿಣ ಎಲ್ಲಿ ಶುರುವಾಗುತ್ತದೆಂದು ಅರದ ತುದಿಯಿಂದ ಗೀರಿ ಹುಡುಕುತ್ತಾರೆ. ಬಿರುಕಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ಹೂಳಿ, ಎರಡು ಕಡೆಯ ಮೆದು ಕಬ್ಬಿಣವನ್ನೂ ಅವುಗಳಿಂದ ಬಂಧಿಸುತ್ತಾರೆ. ಉಳಿದ ಕಡೆ ಎಂದಿನ ಮೊಳೆ ಹೊಲಿಗೆ. ಡ್ರಿಲ್ಲಿಗೆ ಎದೆ ಕೊಟ್ಟು ಒತ್ತುವವರು ಸುಬ್ಬರಾಯನ್, ಹಿಡಿ ತಿರುಗಿಸುವವರು ಜವರಪ್ಪ. ಇಬ್ಬರ ನಡುವೆ ಕೆಲಸಕ್ಕೆ ಬೇಕಾದಷ್ಟೇ ಮಾತು: ಒತ್ತಿ, ಸಾಕು, ಎಣ್ಣೆ, ತಡೀರಿ. ಇದು ಮುಗಿಯಲು ಮರುದಿನ ಮಧ್ಯಾಹ್ನವಾಗುತ್ತದೆ.

ಪರೀಕ್ಷೆಗೆ ಪೊನ್ನುಸ್ವಾಮಿಯ ಪೈಪೇ ಬರುತ್ತದೆ. ಸುಬ್ಬರಾಯನ್ ಅದನ್ನು ದವಡೆಗೆ ಕೊಟ್ಟು, ಹಿಡಿಯನ್ನು ತಿರುಗಿಸಿ, ಕೊನೆಗೆ ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾರೆ. ಪೈಪಿನ ಮೇಲೆ ದವಡೆಯ ಹಲ್ಲಿನ ಗುರುತು ಮೂಡುತ್ತದೆ. ಹೊಲಿಗೆ ಮಿಸುಕುವುದಿಲ್ಲ. ಜವರಪ್ಪ ಬಗ್ಗಿ ಬಿರುಕಿನ ಉದ್ದಕ್ಕೂ ಉಗುರು ಎಳೆಯುತ್ತಾರೆ. ಅದು ಎಲ್ಲಿಯೂ ಸಿಕ್ಕುವುದಿಲ್ಲ. ಪೊನ್ನುಸ್ವಾಮಿ, "ಅಪ್ಪಾಡಾ, ನನ್ನ ಬದನೆ ಬದುಕ್ತು" ಎಂದು ಕೂತುಬಿಡುತ್ತಾರೆ.

ಸುಬ್ಬರಾಯನ್ ಮಾತ್ರ ವೈಸಿನ ಬಲಗೆನ್ನೆಯನ್ನೇ ನೋಡುತ್ತಿದ್ದಾರೆ. ಕರಿಯ ಕಬ್ಬಿಣದ ಮೇಲೆ ಮೊಳೆಗಳ ಸಾಲು ಬೆಳ್ಳಗೆ ಹೊಳೆಯುತ್ತಿದೆ. ದೂರದಿಂದಲೂ ಕಾಣುತ್ತದೆ.

"ಸ್ವಲ್ಪ ಬಣ್ಣ ಬಳಿದುಬಿಡ್ತೀಯಾ ಜವರಪ್ಪಾ?"

"ಬಣ್ಣ ನಾನು ಬಳಿಯಲ್ಲ ಆಸಾರಿ."

"ಕುಲುಮೆಗೆ ಬಂದೋರೆಲ್ಲ ಕೇಳ್ತಾರೆ, ಯಾರು ಮಾಡಿದ್ದು ಅಂತ."

"ನಾನು ಮಾಡಿದ್ದು ಅಂತ ಏಳಿ."

"ಮೇಜನ್ನ ಗೋಡೆ ಕಡೆಗೆ ತಿರುಗಿಸಿ ಹಾಕ್ಕೊಂಡ್ರೆ ಆಯ್ತು ಬಿಡು" ಎಂದು ಸುಬ್ಬರಾಯನ್ ತಮಗೇ ಹೇಳಿಕೊಂಡಂತೆ ಹೇಳುತ್ತಾರೆ.

ಜವರಪ್ಪ ಕೈಗೆ ಹತ್ತಿದ ಎಣ್ಣೆಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ. "ತಿರುಗಿಸಿದ್ರೆ ಕುಲುಮೆ ನಿಮ್ಮ ಬೆನ್ನಿಗೆ ಬೀಳ್ತದೆ, ಕೆಲ್ಸ ಮಾಡಕಾಗಲ್ಲ. ಈಗ ಇರೋ ಅಂಗೇ ಇರ್ಲಿ. ರಸ್ತೇಲಿ ನಿಂತೋರಿಗೆ ಬಲಗೆನ್ನೆ ಚೆನ್ನಾಗಿ ಕಾಣ್ತದೆ. ನಾನು ನಿಂತು ನೋಡಿದೀನಿ."