ನಾನು ನೋಡಲಿಲ್ಲವೆಂದ ಬಿರುಕು

ಆ ಮನೆಯ ಗೋಡೆ ಬಿದ್ದದ್ದು ಹಗಲಿನಲ್ಲೋ ರಾತ್ರಿಯಲ್ಲೋ ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದನ್ನು ಈ ಹಿಂದೆ ಎರಡು ಸಲ ಕಥೆಯಾಗಿ ಬರೆದಿದ್ದೇನೆ. ಒಂದರಲ್ಲಿ ಗೋಡೆ ನಡುರಾತ್ರಿ ಸಿಡಿಲಿನೊಂದಿಗೆ ಬೀಳುತ್ತದೆ. ಇನ್ನೊಂದರಲ್ಲಿ ಬೀಳುವುದೇ ಇಲ್ಲ. ಸಾಲ ಮಂಜೂರಾಗುತ್ತದೆ, ಗುಮಾಸ್ತ ಸಿಳ್ಳೆ ಹಾಕಿಕೊಂಡು ಸೈಕಲ್ ತುಳಿಯುತ್ತಾನೆ. ಎರಡರಲ್ಲೂ ಆ ಗುಮಾಸ್ತ ನನಗಿಂತ ಒಳ್ಳೆಯವನು. ಈಗ ಕಥೆಯನ್ನು ಬಿಟ್ಟು, ನೆನಪಿರುವಷ್ಟನ್ನೇ ಹೇಳಬೇಕೆಂದಿದ್ದೇನೆ. ನೆನಪು ಕೂಡ ನನ್ನ ಪಕ್ಷವನ್ನೇ ವಹಿಸುತ್ತದೆ, ಅದನ್ನು ನೋಡಿಕೊಂಡು ಓದಬೇಕು.

ಎರಡನೆಯ ಮಹಾಯುದ್ಧದ ವರ್ಷಗಳು. ಬಡವರಿಗೆ ಮನೆ ಕೊಳ್ಳಲು, ಇದ್ದ ಮನೆ ರಿಪೇರಿ ಮಾಡಿಸಲು ಕಡಿಮೆ ಬಡ್ಡಿಗೆ ಸಾಲ ಕೊಡುವ ಸಹಕಾರ ಸಂಘವೊಂದು ಮಂಡ್ಯದಲ್ಲಿತ್ತು. ಮಳವಳ್ಳಿಯಲ್ಲಿ ಅದರ ಶಾಖೆ. ಶಾಖೆಯೆಂದರೆ ಒಂದು ಕೋಣೆ, ಒಂದು ಬೀರು, ಒಬ್ಬ ಕಾರ್ಯದರ್ಶಿ ಮತ್ತು ನಾನು. ಅರ್ಜಿ ಹಾಕಿದವರ ಮನೆಗೆ ಹೋಗಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ವರದಿಯ ಕಾಗದದಲ್ಲಿ ಬಹಳ ಸಾಲುಗಳಿದ್ದವು, ಆದರೆ ಎಲ್ಲವೂ ನಿಂತಿದ್ದು ಒಂದೇ ಸಾಲಿನ ಮೇಲೆ: ‘ಮನೆಯ ಸದ್ಯದ ಸ್ಥಿತಿ’. ಮನೆ ಶಿಥಿಲವಾಗಿದ್ದರೆ ರಿಪೇರಿ ಸಾಲ ಸಿಗುತ್ತಿತ್ತು. ಸುಸ್ಥಿತಿಯಲ್ಲಿದ್ದರೆ ಇಲ್ಲ. ನಿಯಮ ಇಷ್ಟು ಸರಳವಾಗಿತ್ತು, ಆದರೆ ಅದನ್ನು ಅರ್ಜಿದಾರರಿಗೆ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ನನಗೂ.

ಕಿರುಗಾವಲಿನಿಂದ ಬಂದ ಅರ್ಜಿ ಒಬ್ಬ ಕಲಾಯಿ ಸಾಬರದು. ಊರೂರು ತಿರುಗಿ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿ ಬದುಕುವವರು. ಯುದ್ಧ ಶುರುವಾದ ಮೇಲೆ ಕಲಾಯಿಗೆ ಬೇಕಾದ ತವರ ಸಿಗದೆ ಕೆಲಸ ಅರ್ಧ ನಿಂತುಹೋಗಿತ್ತು. ಹಿಂದಿನ ಕೋಣೆಯ ಗೋಡೆ ಬಿರುಕು ಬಿಟ್ಟಿದೆ, ಮುಂಗಾರಿಗೆ ಮೊದಲು ಕಟ್ಟಿಸಬೇಕು, ಮದ್ದೂರಿಗೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಾಳೆ, ಅವಳನ್ನು ಮಲಗಿಸಲು ಬೇರೆ ಕೋಣೆ ಇಲ್ಲ. ಅರ್ಜಿಯಲ್ಲಿ ಇಷ್ಟೂ ಇತ್ತು. ನಾನು ಓದಿದ್ದೆ. ಓದಿರಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ.

ನಾನು ಒಂದು ಕಾರ್ಡು ಬರೆದೆ: ‘ಬರುವ ಗುರುವಾರ ಮನೆ ನೋಡಲು ಬರುತ್ತೇನೆ. ಸಿದ್ಧವಾಗಿರಿ.’ ಮನೆಯ ಪತ್ರ, ಕಂದಾಯದ ರಶೀದಿ ಸಿದ್ಧವಾಗಿಟ್ಟುಕೊಳ್ಳಿ ಎಂದು ನನ್ನ ಅರ್ಥ. ಅದನ್ನೂ ಬರೆದಿದ್ದೆನೇನೋ ಎಂದು ಆಗಾಗ ಅನ್ನಿಸುತ್ತದೆ. ಇಲ್ಲ, ಬರೆದಿರಲಿಲ್ಲ. ಕಾರ್ಡಿನಲ್ಲಿ ಜಾಗ ಬೇಕಾದಷ್ಟಿತ್ತು.

ಗುರುವಾರ ಸೈಕಲ್ ಇಳಿದಾಗ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಆ ಸಾಲಿನಲ್ಲಿ ಹೊಸದಾಗಿ ಸುಣ್ಣ ಬಳಿದಿದ್ದ ಮನೆ ಅದೊಂದೇ. ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ. ಜಗಲಿಯನ್ನು ಸಗಣಿ ಹಾಕಿ ಸಾರಿಸಿದ್ದರು, ಇನ್ನೂ ಹಸಿರಾಗಿತ್ತು. ಸಾಬರು ಒಗೆದ ಜುಬ್ಬ ತೊಟ್ಟು ನಿಂತಿದ್ದರು. ಅವರ ಕೈಬೆರಳುಗಳು ಮಾತ್ರ ಕಲಾಯಿಗೆ ಬಳಸುವ ನವಸಾಗರದ ಹೊಗೆಗೆ ಕಪ್ಪಾಗಿದ್ದವು, ಅವಕ್ಕೆ ಸುಣ್ಣ ಬಳಿಯಲಾಗಿರಲಿಲ್ಲ.

“ಬನ್ನಿ ಸ್ವಾಮಿ, ಬನ್ನಿ. ಬಿಸ್ಲಲ್ಲಿ ಬಂದ್ರಿ” ಎಂದು ಚಾಪೆ ಹಾಸಿದರು.

ಒಳಬಾಗಿಲಿಗೆ ಒಂದು ಸೀರೆಯನ್ನು ಪರದೆಯಾಗಿ ಕಟ್ಟಿದ್ದರು. ಅದರ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು. “ಕುಂತ್ಕೊಳಕ್ಕೆ ಯೋಳಿ, ನಿಲ್ಸ್‌ಕೊಂಡು ಮಾತಾಡ್ತೀರಲ್ಲ. ನಮ್ಮನೆ ನೀರು ಕುಡ್ಯಾಕಿಲ್ಲ ಅಂತ ಗೊತ್ತು, ಎಳ್ನೀರು ತರ್ಸಿವ್ನಿ. ಕಾಯಿಗೇನು ಮೈಲ್ಗೆ ಇಲ್ವಲ್ಲ ಸ್ವಾಮಿ?”

ಅದು ಉಪಚಾರವೋ ಕುಟುಕೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ನಾನು ಎಳನೀರು ಕುಡಿದೆ. ಆ ದಿನಗಳಲ್ಲಿ ನಾನು ಜಾತಿ ಬಿಡಬೇಕೆಂದು ಲೇಖನ ಬರೆಯುತ್ತಿದ್ದೆ. ಕುಡಿಯಲು ನೀರು ಕೊಡಿ ಎಂದು ಕೇಳಲು ಬಾಯಿ ಬರಲಿಲ್ಲ.

“ಮೂರ್ ದಿವ್ಸದಿಂದ ಇವ್ಳಿಗೆ ಬಿಡುವಿಲ್ಲ ಸ್ವಾಮಿ” ಎಂದರು ಸಾಬರು. “ಎಣ್ಣು ನೋಡಕ್ಕೆ ಬತ್ತಾರೇನೋ ಅನ್ನಂಗೆ ಮನೇನ ಸಿಂಗಾರ ಮಾಡ್‌ಬುಟ್ಲು.”

“ಮತ್ತೆ? ನೋಡಕ್ಕೆ ಬತ್ತೀವಿ ಸಿದ್ದವಾಗಿರಿ ಅಂತ ಅವ್ರೇ ಬರ್ದವ್ರಲ್ಲ” ಎಂದಿತು ಪರದೆ. “ಮಗ್ಳನ್ನ ನೋಡಕ್ಕೆ ಬಂದಾಗ್ಲೂ ಇಷ್ಟು ಮೆತ್ತಿರ್ನಿಲ್ಲ ನಾನು.”

ಮೂವರೂ ನಕ್ಕೆವು. ನಕ್ಕದ್ದು ನಿಜ, ಅದನ್ನು ನಾನು ಸೇರಿಸಿದ್ದಲ್ಲ.

ಸಾಬರು ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಮೂಲೆಗೆ ಒಂದು ಹಗ್ಗದ ಮಂಚ ಆಗಲೇ ಬಂದು ಕೂತಿತ್ತು, ಬಾಣಂತಿಗೆ. ಬಿರುಕು ಬಿಟ್ಟಿದೆ ಎಂದು ಅರ್ಜಿಯಲ್ಲಿ ಬರೆದಿದ್ದ ಗೋಡೆ ನುಣ್ಣಗೆ ಬೆಳ್ಳಗೆ ನಿಂತಿತ್ತು. ನಾನು ಅಂಗೈ ಊರಿದೆ. ತಣ್ಣಗಿತ್ತು, ಒದ್ದೆ. ಅಂಗೈ ತೆಗೆದಾಗ ಸುಣ್ಣದ ಜೊತೆ ರೊಟ್ಟಿಯಷ್ಟು ಹಸಿ ಮಣ್ಣು ಕಿತ್ತು ಬಂತು. ಒಳಗೆ ಬಿರುಕಿತ್ತು. ನಾಲ್ಕು ಬೆರಳು ಹೋಗುವಷ್ಟು ಅಗಲ. ಅದರಲ್ಲಿ ಹಳೆ ಬಟ್ಟೆ, ಹುಲ್ಲು ತುರುಕಿ ಮೇಲೆ ಮೆತ್ತಿದ್ದರು.

ಸಾಬರ ಮುಖ ಸಣ್ಣದಾಯಿತು. ಕೂಡಲೇ ಆ ಮಣ್ಣನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಜಾಗಕ್ಕೆ ಒತ್ತಿ, ಹೆಬ್ಬೆರಳಿನಿಂದ ಸವರಿದರು. ತಮ್ಮ ಹೆಗಲ ಮೇಲಿನ ಟವೆಲಿನಿಂದ ನನ್ನ ಅಂಗೈ ಒರೆಸಿದರು.

“ಗ್ವಾಡೆ ಗಟ್ಟಿ ಅದೆ ಸ್ವಾಮಿ” ಎಂದರು. ಆಮೇಲೆ, ಪರದೆಯ ಕಡೆ ನೋಡಿ, ದನಿ ತಗ್ಗಿಸಿ: “ಬೀಳೋ ಮನೆ ನಂಬ್ಕೊಂಡು ಯಾರ್ ಸಾಲ ಕೊಟ್ಟಾರು ಯೋಳಿ.”

ನಾನು ಆಗ ಹೇಳಬೇಕಾಗಿದ್ದುದು ಒಂದೇ ಮಾತು: ಬೀಳುವ ಮನೆಗೇ ಕೊಡುವುದು ಸಾಬ್ರೇ. ಅದರ ಬದಲು, ಒಳಗಿನವರಿಗೂ ಕೇಳುವಂತೆ ಗಟ್ಟಿಯಾಗಿ, “ಮನೆ ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ” ಎಂದೆ. ಪರದೆಯ ಹಿಂದೆ ಬಳೆ ಸದ್ದಾಯಿತು. ಸಂತೋಷವಾಗಿತ್ತೆಂದು ಕಾಣುತ್ತದೆ.

ಬಹಳ ವರ್ಷ ನಾನು ಇದನ್ನು ಮರ್ಯಾದೆಯ ಕಥೆಯಾಗಿ ಹೇಳುತ್ತಿದ್ದೆ. ಅವರು ಮರ್ಯಾದೆಗೆ ಬಿರುಕು ಮುಚ್ಚಿದರು, ನಾನು ಮರ್ಯಾದೆಗೆ ಕಾಣದವನಂತಿದ್ದೆ, ಇಬ್ಬರ ಮರ್ಯಾದೆಯ ನಡುವೆ ಸಾಲ ಸತ್ತಿತು ಎಂದು. ಕೇಳುವವರು ತಲೆದೂಗುತ್ತಿದ್ದರು. ತಲೆದೂಗಿಸುವಂಥದೇನೂ ಅಲ್ಲಿರಲಿಲ್ಲ. ಅವರ ಮನೆಯಲ್ಲಿ ಆಡಿದ್ದು ಉಪಚಾರದ ಮಾತಿರಬಹುದು. ಮಳವಳ್ಳಿಗೆ ಹಿಂದಿರುಗಿ, ಮೇಜಿನ ಮುಂದೆ ಕೂತು, ಯಾರೂ ನೋಡದಿರುವಾಗ ಬರೆದದ್ದು? ‘ಮನೆಯು ಸುಸ್ಥಿತಿಯಲ್ಲಿದ್ದು, ಇತ್ತೀಚೆಗೆ ಸುಣ್ಣಬಣ್ಣಗಳಿಂದ ಅಲಂಕೃತವಾಗಿದೆ.’ ವಾಕ್ಯ ಚೆನ್ನಾಗಿ ಬಂತೆಂದು ಎರಡು ಸಲ ಓದಿಕೊಂಡೆ. ಅಲಂಕೃತ ಎಂಬ ಮಾತಿನ ಮೇಲೆ ನನಗೆ ಪ್ರೀತಿ. ಇದಕ್ಕಿಂತ ದೊಡ್ಡ ಕಾರಣ ಇದ್ದಿರಬೇಕೆಂದು ಹುಡುಕುತ್ತಲೇ ಇದ್ದೇನೆ, ಸಿಕ್ಕಿಲ್ಲ.

ಮಂಡ್ಯದಿಂದ ಕಾಗದ ಹಿಂದಿರುಗಿತು: ರಿಪೇರಿಯ ಅಗತ್ಯ ಕಂಡುಬರುವುದಿಲ್ಲ.

ನಾಲ್ಕು ದಿನಕ್ಕೆ ಸಾಬರು ನಡೆದುಕೊಂಡೇ ಕಚೇರಿಗೆ ಬಂದರು. ಕಾರ್ಯದರ್ಶಿ ಕೆಟ್ಟ ಮನುಷ್ಯನಲ್ಲ, ಮಾತು ಒರಟು. ವರದಿ ತೆಗೆದು ಓದಿದರು.

“ಗೋಡೆ ಬಿರುಕು ಬಿಟ್ಟಿದೆ ಅಂತೀಯ. ಇವರು ಸರಿಯಾಗಿದೆ ಅಂತ ಬರೆದಿದ್ದಾರೆ. ಏನ್ರೀ, ನೀವು ಹೋದಾಗ ಬಿರುಕಿತ್ತೇನ್ರೀ?”

ನನ್ನ ನೌಕರಿ ಕಾಯಂ ಆಗಲು ಇನ್ನು ಎರಡು ತಿಂಗಳಿತ್ತು.

“ನಾನು ನೋಡಲಿಲ್ಲ ಸಾರ್” ಎಂದೆ.

ಸಾಬರು ನನ್ನ ಕಡೆ ನೋಡಿದರು. ಕಣ್ಣನ್ನಲ್ಲ, ಕೈಯನ್ನು. ನಾನು ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡೆ. ಅವರು “ನೀವು ನೋಡಿದ್ರಲ್ಲ” ಎಂದು ಒಂದು ಮಾತು ಆಡಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೇನೋ. ಅವರು ಆಡಲಿಲ್ಲ.

“ಮೇಲೆ ಮಣ್ಣು ಮೆತ್ತಿದ್ದೋ ಸ್ವಾಮಿ” ಎಂದರು ಕಾರ್ಯದರ್ಶಿಗೆ. “ಅದ್ಕೇ ಇವ್ರಿಗೆ ಕಂಡಿರಾಕಿಲ್ಲ.”

“ಮುಚ್ಚಿಟ್ಟೆ ಅನ್ನು! ಸಂಘಕ್ಕೆ ಮೋಸ ಮಾಡೋಕೆ ಹೊರಟಿದ್ದೆಯಾ?”

“ಮುಚ್ಚಿದ್ದು ನಿಜ. ಮೋಸಕ್ಕಲ್ಲ ಸ್ವಾಮಿ. ಮನೆಗೆ ಬರೋರ್ ಮುಂದೆ ಅರಕಲು ಬಟ್ಟೆ ಉಟ್ಕೊಂಡು ನಿಂತಾರಾ ಯಾರಾದ್ರೂವೆ?”

“ಬುದ್ಧಿವಂತನಪ್ಪ. ಹೋಗಿ ಬರುವ ವರ್ಷ ಅರ್ಜಿ ಹಾಕು.”

“ಬರೋ ವರ್ಸದ ಗಂಟ ಮಗಳು ಎರ್ಗೆ ತಡ್ಕೊಂಡಾಳಾ?” ಎಂದರು ಸಾಬರು. ನಗುವ ಹಾಗೆ ಹೇಳಿದರು. ಯಾರೂ ನಗಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಎರಡು ಕಥೆಗಳಲ್ಲೂ ನಾನು ಮುಂದಿನದನ್ನು ಬಿಟ್ಟಿದ್ದೆ, ಏಕೆಂದರೆ ಅದನ್ನು ಬರೆದರೆ ಗುಮಾಸ್ತನನ್ನು ಕ್ಷಮಿಸಲಾಗುವುದಿಲ್ಲ. ಸಾಬರು ಹೋದ ಮೇಲೆ ಕಾರ್ಯದರ್ಶಿ ಕನ್ನಡಕ ತೆಗೆದು, ಮೆತ್ತಗೆ ಕೇಳಿದರು. “ನಿಜ ಹೇಳಿ. ಕಂಡಿತ್ತಾ? ಕಂಡಿದ್ದರೆ ಇನ್ನೊಂದು ವರದಿ ಬರೆದುಕೊಡಿ, ಕಳಿಸೋಣ. ಮೊದಲನೆಯದರಲ್ಲಿ ತಪ್ಪಾಗಿತ್ತು ಅಂತ ಒಂದು ಸಾಲು ಇದ್ದರೆ ಸಾಕು.” ಖಾಲಿ ನಮೂನೆಯೊಂದನ್ನು ನನ್ನ ಕಡೆ ತಳ್ಳಿದರು.

“ಯೋಚನೆ ಮಾಡಿ ಹೇಳ್ತೀನಿ ಸಾರ್” ಎಂದೆ.

ಏನು ಯೋಚನೆ ಮಾಡುವುದಿತ್ತು? ಕಾಗದವನ್ನು ನನ್ನ ಬಾಡಿಗೆ ಕೋಣೆಗೆ ಒಯ್ದೆ. ಅದರ ಹಿಂಬದಿಯಲ್ಲಿ ಯಾವುದೋ ಕಥೆಯ ಮೊದಲ ಪುಟ ಬರೆದೆ, ಬಡವರ ಬಗ್ಗೆ. ಕಾರ್ಯದರ್ಶಿ ಮತ್ತೆ ಕೇಳಲಿಲ್ಲ. ಎರಡು ತಿಂಗಳಿಗೆ ನಾನು ಕಾಯಂ ಆದೆ.

ಮುಂಗಾರು ಶುರುವಾದ ಮೇಲೆ ಕಿರುಗಾವಲಿನಿಂದ ಬಂದ ಬೇರೊಬ್ಬ ಅರ್ಜಿದಾರನನ್ನು, ಕೇಳಬಾರದೆಂದುಕೊಂಡೇ ಕೇಳಿದೆ.

“ಕಲಾಯಿ ಸಾಬ್ರ ಮನೇನಾ? ಹಿಂದ್ಗಡೆ ಕುಸ್ದೋಯ್ತು ಕಣ್ ಸ್ವಾಮಿ. ಯಾರ್ಗೂ ಏನೂ ಆಗ್ನಿಲ್ಲ ಬುಡಿ. ಮಗ್ಳನ್ನ ಕರ್ಕೊಂಡು ಬರಕ್ಕೆ ಓಗಿದ್ರಂತೆ ಮದ್ದೂರ್ಗೆ, ಬೀಗ್ರು ಕಳಿಸ್ನಿಲ್ಲ. ಗ್ವಾಡೆ ಇಲ್ದಿರೋ ಮನೇಲಿ ಬಾಣಂತನ ಮಾಡೀರಾ ಅಂದ್ರಂತೆ. ತಾಯಿ ಅಲ್ಲೇ ಬೀಗರ ಮನೆ ಮೂಲೇಲಿ ಕುಂತವ್ಳೆ, ಅವರಿಟ್ಟ ಇಟ್ಟು ತಿನ್ಕೊಂಡು.”

ಯಾರಿಗೂ ಏನೂ ಆಗಲಿಲ್ಲ ಎಂಬುದನ್ನು ಮಾತ್ರ ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಮತ್ತೆ ಸಾಬರನ್ನು ಕಂಡದ್ದು ಮಳವಳ್ಳಿಯ ಬಸ್ ನಿಲ್ದಾಣದಲ್ಲಿ, ಆ ಮಳೆಗಾಲದ ಕೊನೆಗೆ. ನಾನು ಮಂಡ್ಯಕ್ಕೆ ಹೊರಟಿದ್ದೆ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಬಸ್ಸಿನ ಹಿಂಬದಿಯ ಒಲೆಗೆ ಕ್ಲೀನರು ಗಾಳಿಯ ಚಕ್ರ ತಿರುಗಿಸುತ್ತಿದ್ದ. ಸಾಬರು ಗಂಟು ಹೊತ್ತು ನನ್ನತ್ತಲೇ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

“ಸ್ವಾಮಿ, ಚೆಂದಾಗಿದ್ದೀರಾ? ನಮ್ ಮಗ್ಳದು…”

“ಬಸ್ಸು ಹೊರಡುತ್ತಿದೆ ಸಾಬ್ರೇ. ಇನ್ನೊಂದು ಸಲ ಸಿಗೋಣ” ಎಂದು ಹತ್ತಿಬಿಟ್ಟೆ. ಕಿಟಕಿಯ ಪಕ್ಕ ಕೂತೆ. ಬೇರೆ ಸೀಟು ಖಾಲಿ ಇರಲಿಲ್ಲವೆಂದು ನೆನಪು, ಇದ್ದಿರಲೂಬಹುದು.

ಬಸ್ಸು ಹೊರಡಲಿಲ್ಲ. ಇದ್ದಿಲು ಹಸಿಯಾಗಿತ್ತು. ಕ್ಲೀನರು ತಿರುಗಿಸಿದ, ಡ್ರೈವರು ಇಳಿದು ಬೈದ, ಮತ್ತೆ ತಿರುಗಿಸಿದ. ಸಾಬರು ಕಿಟಕಿಯ ಕೆಳಗೇ ಗಂಟು ಇಳಿಸಿ ನಿಂತಿದ್ದರು. ನಾನು ಹಳೆಯ ಪತ್ರಿಕೆಯೊಂದನ್ನು ಬಿಡಿಸಿ ಮುಖಕ್ಕೆ ಹಿಡಿದೆ. ಕಾಲು ಗಂಟೆ, ಅರ್ಧ ಗಂಟೆ. ಮಗಳಿಗೆ ಹೆರಿಗೆಯಾಗಿ ಮೂರು ತಿಂಗಳಾದರೂ ಆಗಿರಬೇಕು. ಅವರು ಹೇಳಬಂದದ್ದು ಮೊಮ್ಮಗುವಿನ ಸುದ್ದಿಯೋ, ಬೇರೆ ಸುದ್ದಿಯೋ. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಗೊತ್ತಾಗುತ್ತಿತ್ತು. ಗೊತ್ತಾಗದಿರಲೆಂದೇ ನಾನು ಓದುತ್ತಿದ್ದೆ, ಒಂದಕ್ಷರವೂ ಹತ್ತದೆ.

ಅವರು ಬಸ್ಸಿನ ತಗಡನ್ನು ಬೆರಳಿನಿಂದ ತಟ್ಟಿದರು.

“ಇನ್ನೂ ಕೆಂಡ ಇಡ್ಕಂಡಿಲ್ಲ ಸ್ವಾಮಿ. ಒತ್ತಾಯ್ತದೆ. ಇಳ್ದು ಬನ್ನಿ, ಅಲ್ಲಿ ನೆಳ್ಳಲ್ಲಿ ಕುಂತ್ಕಳವ.”

ನಾನು ಕೇಳಿಸದವನಂತೆ ಪುಟ ತಿರುಗಿಸಿದೆ. ಬಸ್ಸು ಹೊರಡುವವರೆಗೂ ಅವರು ಅಲ್ಲೇ ಇದ್ದರು. ನಾನು ಇಳಿಯಲಿಲ್ಲ.